ಒಂದೇ ಸ್ವರದ ಪೆಟ್ಟಿಗೆ

ಮೇಸ್ತ್ರಿ ಬೋರಲಾಗಿ ಬಿದ್ದಿದ್ದ. ನೆಲದ ತುಂಬ ಮರದ ಪುಡಿ. ತಲೆಯಿಂದ ಸೋರಿದ ರಕ್ತ ಹರಿಯಲು ದಾರಿಯಿಲ್ಲದೆ ಪುಡಿಯಲ್ಲೇ ಇಂಗಿ ಗಟ್ಟಿಯಾಗಿತ್ತು. ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಕ್ಲಾಂಪು, ಗೋಂದು ಹಚ್ಚಿದ ಹಲಗೆಗಳನ್ನು ಅಮುಕಿ ಹಿಡಿಯುವಂಥದ್ದು. ಅದರ ತುದಿಗೆ ಕೂದಲು ಅಂಟಿತ್ತು.

ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು ನೋಡಿದ. ಕಾರಿನ ಡಿಕ್ಕಿಯಲ್ಲಿಡುವ ದೊಡ್ಡ ಸ್ಪೀಕರುಗಳಿಗೆ, ಅಂದರೆ ಎದೆ ನಡುಗಿಸುವ ಸಬ್‌ವೂಫರುಗಳಿಗೆ, ಮರದ ಪೆಟ್ಟಿಗೆ ಮಾಡುವ ಜಾಗ. ಕಾರ್ಖಾನೆ ಅಂತ ಬೋರ್ಡು ಹಾಕಿದ್ದರು. ಇದ್ದದ್ದು ಒಂದು ಶೆಡ್ಡು, ಒಂದು ಗರಗಸದ ಮೇಜು, ಗೋಡೆಗೆ ಒರಗಿಸಿದ ಹಲಗೆಗಳು, ಒಂದು ಕಾರು ನಿಲ್ಲುವಷ್ಟು ಖಾಲಿ ನೆಲ.

ಒಳಗೆ ಕಾಲಿಟ್ಟ. ಬೂಟಿಗೆ ಏನೋ ತಾಗಿತು. ಬೂದು ಬಣ್ಣದ ಪ್ಲಾಸ್ಟಿಕ್ ಪೈಪಿನ ತುಂಡು, ಮುಕ್ಕಾಲು ಮೊಳ ಉದ್ದ. ಒಂದು ತುದಿಯನ್ನು ಸೊಟ್ಟಗೆ ಕುಯ್ದಿದ್ದರು. ಒದ್ದ. ಅದು ಉರುಳಿಕೊಂಡು ಮೇಜಿನಡಿ ಸೇರಿತು.

"ಇಲ್ಲಿ ಕಸ ಗುಡಿಸೋರು ಗತಿಯಿಲ್ವಾ?"

ಹೊರಗೆ ಕಟ್ಟೆಯ ಮೇಲೆ ಒಬ್ಬ ತಲೆ ಹಿಡಿದುಕೊಂಡು ಕೂತಿದ್ದ. ನಲವತ್ತರ ಆಸುಪಾಸು. ಅಳು ನಿಂತು ಬಿಕ್ಕಳಿಕೆ ಮಾತ್ರ ಉಳಿದಿತ್ತು.

"ನೀನ್ಯಾರು?"

"ತಮ್ಮ ಸರ್. ಮುಂದಿನ ಅಂಗಡೀಲಿ ಸ್ಪೀಕರ್ ಮಾರೋದು ನಾನು, ಇಲ್ಲಿ ಬಾಕ್ಸ್ ಮಾಡೋದು ಅಣ್ಣ."

"ನೋಡಿದ್ದು ಯಾವಾಗ?"

"ಗಿರಾಕಿ ಮನೆಗೆ ಕಾರಿನ ವೈರಿಂಗ್ ಮಾಡೋಕೆ ಹೋಗಿದ್ದೆ. ಸಂಜೆ ವಾಪಸ್ ಬಂದು ಕಾಫಿಗೆ ಕರೆಯೋಣ ಅಂತ ಬಂದೆ ಸರ್. ಬಂದ್ರೆ ಹೀಗೆ."

"ಯಾರ ಮೇಲಾದ್ರೂ ಅನುಮಾನ?"

ತಮ್ಮ ಮುಖ ಬೇರೆ ಕಡೆ ತಿರುಗಿಸಿದ. "ಹೇಳ್ಬಾರ್ದು ಸರ್. ಚಿಕ್ಕ ಮಗು ಇರೋನು."

"ಹೇಳಬಾರದ್ದನ್ನ ಕೇಳೋಕೇ ನನಗೆ ಸಂಬಳ ಕೊಡೋದು. ಬೊಗಳು."

"ಗುಡುಗ ಅಂತಾರೆ ಸರ್ ಅವನನ್ನ. ಟ್ಯಾಕ್ಸಿ ಓಡಿಸ್ತಾನೆ. ಅವನ ಕಾರು ಬಂದ್ರೆ ಬೀದಿಗೆಲ್ಲ ಗೊತ್ತಾಗ್ತಿತ್ತು. ಇನ್ನೂ ದೊಡ್ಡ ಬಾಕ್ಸ್ ಬೇಕು ಅಂತ ಅಣ್ಣನ ಜೊತೆ ಕಿತ್ತಾಡಿದ್ದ. ಮಾಡಿಕೊಡಲ್ಲ ಅಂದಿದ್ದಕ್ಕೆ ಶೆಡ್ಡಿಗೆ ಬೆಂಕಿ ಹಚ್ತೀನಿ ಅಂದ. ಹತ್ತು ಜನ ಕೇಳಿಸಿಕೊಂಡಿದ್ದಾರೆ."

ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಒಂದು ಮನೆ. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸಿದ್ದಳು. ಬೀದಿಯವರಿಗೆಲ್ಲ ಟೈಲರಕ್ಕ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿದಳು.

"ಹೊಡೆದಾಟ ಗಿಡೆದಾಟ ಕೇಳಿಸ್ಲಿಲ್ಲ ಸಾಹೇಬ್ರೇ. ಕೇಳಿಸೋದಾದ್ರೂ ಹೆಂಗೆ? ಮಧ್ಯಾಹ್ನ ಪೂರ್ತಿ ಗುಂಯ್ ಅಂತ ಅವನ ಹಾಡು. ಆ ಶೆಲ್ಫ್ ಮೇಲಿದ್ದ ಗಾಜಿನ ಲೋಟ ಕುಣಿದು ಕುಣಿದು ಕೆಳಗೆ ಬಿತ್ತು. ಜೋಡಿ ಲೋಟ. ಈಗ ಒಂಟಿಯಾಯ್ತು."

"ಯಾರ ಹಾಡು?"

"ಇನ್ಯಾರದ್ದು? ಗುಡುಗಂದು."

ಇನ್ಸ್‌ಪೆಕ್ಟರನಿಗೆ ಅಷ್ಟು ಸಾಕಿತ್ತು.

* * *

ಗುಡುಗ ಟ್ಯಾಕ್ಸಿ ನಿಲ್ದಾಣದಲ್ಲೇ ಸಿಕ್ಕಿದ. ಓಡಲಿಲ್ಲ, ಠಾಣೆಗೆ ಕರೆತಂದರು. ಸಣಕಲ ದೇಹ, ಹೆಸರಿಗೂ ಆಳಿಗೂ ಸಂಬಂಧವಿಲ್ಲ. ಅಂಗಿಯ ತೋಳಿಗೆ ಗೋಂದು ಮೆತ್ತಿತ್ತು. ಕೂದಲಲ್ಲಿ ಮರದ ಪುಡಿ.

"ಬೆಳಿಗ್ಗೆ ಶೆಡ್ಡಿಗೆ ಹೋಗಿದ್ದೆ ಸರ್. ಮೇಸ್ತ್ರಿ ಹೊಸ ಬಾಕ್ಸ್ ಕೂರಿಸಿಕೊಟ್ರು. ನಾನೂ ಕೈ ಹಾಕಿದೆ. ಆಮೇಲೆ ಬಾಡಿಗೆಗೆ ಹೊರಟೆ."

"ಜಗಳ ಆಡಿದವನಿಗೆ ಬಾಕ್ಸ್ ಮಾಡಿಕೊಟ್ರಾ?"

"ಜಗಳ ಮುಗಿದು ಎಷ್ಟು ದಿನ ಆಯ್ತು ಸರ್. ಅವರು ಹೇಳಿದ್ದೇ ಸರಿ ಅಂತ ಒಪ್ಪಿಕೊಂಡೆ."

"ಮಧ್ಯಾಹ್ನ ಯಾರನ್ನ ಕೂರಿಸಿಕೊಂಡಿದ್ದೆ? ಹೆಸರು ಹೇಳು."

"ದಾರಿಯಲ್ಲಿ ಕೈ ಅಡ್ಡ ಹಾಕಿದೋರು ಸರ್. ಹೆಸರು ಕೇಳ್ತೀವಾ? ನಾಳೆ ನೀವೇ ಹತ್ತಿದ್ರೂ ಕೇಳಲ್ಲ."

ಅವನು ನಕ್ಕಿದ್ದು ಹೆದರಿಕೆಗೆ. ಇನ್ಸ್‌ಪೆಕ್ಟರನಿಗೆ ಅದು ಕೊಬ್ಬಿನಂತೆ ಕಂಡಿತು. ಸಿಟ್ಟು ಅವನಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಕೈ ಎತ್ತಿದ್ದು ತನಗೇ ಗೊತ್ತಾಗಲಿಲ್ಲ. ಅಂಗೈ ಅಗಲವಾಗಿ, ಗಾಳಿಯನ್ನೂ ಸೇರಿಸಿಕೊಂಡು, ಎಡಗಿವಿಯ ಮೇಲೆ ಸರಿಯಾಗಿ ಕೂತಿತು. ಹಾಗೆ ಕೂರಬಾರದಿತ್ತು.

ಗುಡುಗ ಬೀಳಲಿಲ್ಲ. ಕಿವಿ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದ. ಕೂಗಲೂ ಇಲ್ಲ. ಏನನ್ನೋ ಆಲಿಸುವವನ ಹಾಗೆ ತಲೆ ವಾಲಿಸಿಕೊಂಡು ಕೂತ.

"ನಾಟಕ ಬೇಡ. ಒಳಗೆ ಹಾಕಿ ಇವನನ್ನ."

ಹೆಡ್ ಕಾನ್‌ಸ್ಟೇಬಲ್ ಹೆಂಗಸು. ನಿವೃತ್ತಿಗೆ ಹತ್ತಿರವಿದ್ದವಳು, ಸಾಹೇಬನ ಸಿಟ್ಟಿಗೆ ಸೊಪ್ಪು ಹಾಕುವವಳಲ್ಲ. "ಸರ್, ಆ ತಮ್ಮ ಹೋಗಿದ್ದ ಗಿರಾಕಿ ಮನೆ ಒಂದ್ಸಲ ವಿಚಾರಿಸಿ ಬರ್ಲಾ?"

"ಕಳ್ಳ ಕೈಗೆ ಸಿಕ್ಕಿದ ಮೇಲೆ ಊರು ಸುತ್ತೋದ್ಯಾಕೆ? ಸುಮ್ನೆ ಕೂತ್ಕೊಳಿ."

ಅವಳು ಸುಮ್ಮನೆ ಕೂತಳು. ಆದರೆ ಸಾಹೇಬನನ್ನು ನೋಡುವುದನ್ನು ನಿಲ್ಲಿಸಲಿಲ್ಲ.

* * *

ಮೂರ್ನಾಲ್ಕು ದಿನ ಕಳೆದವು. ಗುಡುಗನ ಹೆಂಡತಿ ದಿನಾ ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತಿದ್ದಳು. ಮಡಿಲಲ್ಲಿ ಹೆಣ್ಣು ಮಗು. ಏನೂ ಕೇಳುತ್ತಿರಲಿಲ್ಲ. ಅದೇ ಇನ್ಸ್‌ಪೆಕ್ಟರನ ತಲೆ ಕೆಡಿಸಿತು. ಬೈದರೆ ತಿರುಗಿ ಬೈಯಬಹುದು. ಸುಮ್ಮನೆ ಕೂತವರನ್ನು ಏನು ಮಾಡುವುದು?

"ಏನಮ್ಮಾ ನಿಂದು?"

"ಅವರ ಕಿವಿ ಸೋರ್ತಿದೆ ಸರ್. ಅಂಗಿ ಒದ್ದೆ ಆಗುತ್ತಂತೆ. ಡಾಕ್ಟರಿಗೆ ತೋರಿಸ್ಬೇಕಿತ್ತು."

"ಕೊಲೆ ಮಾಡೋವಾಗ ಇರಲಿಲ್ವಾ ಈ ಯೋಚನೆ?"

"ಇದು ಆ ಕಾರಲ್ಲೇ ಮಲಗೋದು ಸರ್." ಅವಳು ಮಗುವಿನ ತಲೆ ಸವರಿದಳು. "ಮನೇಲಿ ಮಲಗಲ್ಲ. ಹಳೇ ಬಾಕ್ಸ್ ಇದ್ದಾಗ ಬೆಚ್ಚಿ ಬೆಚ್ಚಿ ಏಳ್ತಿತ್ತು. ಇವಳಿಗೋಸ್ಕರ ಅವರು ಬಾಕ್ಸೇ ಬದಲಾಯಿಸಿದ್ರು. ಗುಡುಗ ಅನ್ನೋ ಹೆಸರು ಹೋಗುತ್ತಲ್ರೀ ಅಂತ ನಾನೇ ರೇಗಿಸಿದ್ದೆ."

ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ಹೋಗಿ ನಿಂತ. ಗುಡುಗ ಎದ್ದ. ಕಿವಿಯಲ್ಲಿ ಹತ್ತಿ ಇತ್ತು, ಹೆಡ್ ಕಾನ್‌ಸ್ಟೇಬಲ್ ಇಟ್ಟದ್ದು. ಬಲಗಿವಿ ಮುಂದೆ ಮಾಡಿ ನಿಂತ.

"ಏನೋ ಅದು, ಬಾಕ್ಸಿನ ಕಥೆ?"

"ಎರಡು ತರ ಸರ್. ಒಂದಕ್ಕೆ ತೂತು ಇರುತ್ತೆ, ಗಾಳಿ ಒಳಗೆ ಹೊರಗೆ ಆಡುತ್ತೆ. ಅದಕ್ಕೆ ಪೋರ್ಟ್ ಬಾಕ್ಸ್ ಅಂತಾರೆ. ಜಾಗ ಜಾಸ್ತಿ ತಿನ್ನುತ್ತೆ, ಸದ್ದು ಜೋರು. ಇನ್ನೊಂದು ಪೂರ್ತಿ ಮುಚ್ಚಿದ್ದು. ಒಂದು ಸೂಜಿ ತೂತೂ ಇರಬಾರದು. ಅದು ಸಣ್ಣದು, ಸದ್ದು ಕಮ್ಮಿ, ಆದ್ರೆ ಚೊಕ್ಕ. ನಾನು ದೊಡ್ಡ ಪೋರ್ಟ್ ಬಾಕ್ಸ್ ಬೇಕು ಅಂತ ಹಠ ಹಿಡಿದಿದ್ದೆ. ಮೇಸ್ತ್ರಿ ಕೇಳಿದ್ರು, 'ನೀನು ಹಾಡು ಕೇಳ್ಬೇಕೋ, ಬೀದಿಗೆ ಕೇಳಿಸ್ಬೇಕೋ?' ಮೊದಲು ಸಿಟ್ಟು ಬಂತು. ಬೆಂಕಿ ಗಿಂಕಿ ಅಂದೆ. ಮನೆಗೆ ಹೋಗಿ ಮಗು ಮುಖ ನೋಡಿದೆ. ಮುಚ್ಚಿದ್ದೇ ಮಾಡಿಕೊಡಿ ಅಂದೆ."

"ಅದರಿಂದ ನನಗೇನು?"

"ಲೋಟ ಬಿತ್ತು ಅಂದ್ರಂತಲ್ಲ ಸರ್ ಆ ಅಕ್ಕ. ನನ್ನ ಬಾಕ್ಸಿಗೆ ಲೋಟ ಬೀಳಿಸೋ ತಾಕತ್ತಿಲ್ಲ. ಮೊದಲ ದಿನದಿಂದ ಹೇಳ್ತಾ ಇದ್ದೀನಿ."

ಹೌದು. ಹೇಳುತ್ತಲೇ ಇದ್ದ. ಕೇಳಿಸಿಕೊಂಡವರಿರಲಿಲ್ಲ.

* * *

ಜಪ್ತಿ ಮಾಡಿದ ಕಾರು ಠಾಣೆಯ ಹಿಂದೆ ದೂಳು ಹಿಡಿಯುತ್ತಿತ್ತು. ಇನ್ಸ್‌ಪೆಕ್ಟರ್ ಡಿಕ್ಕಿ ತೆಗೆದ. ಒಂದು ಮೂಲೆಯಲ್ಲಿ ಪುಟ್ಟ ಪೆಟ್ಟಿಗೆ. ಸುತ್ತ ಪ್ರಯಾಣಿಕರ ಚೀಲಗಳಿಗೆ ಧಾರಾಳ ಜಾಗ. ತೂತು ಎಲ್ಲೂ ಇಲ್ಲ. ಗುಡುಗ ಹೇಳಿಕೊಟ್ಟಂತೆ ಸ್ಪೀಕರಿನ ಮುಖವನ್ನು ಬೆರಳುಗಳಿಂದ ಮೆಲ್ಲಗೆ ಒಳಕ್ಕೆ ಒತ್ತಿ ಬಿಟ್ಟ. ಅದು ಸಾವಕಾಶವಾಗಿ, ಉಸಿರು ಬಿಟ್ಟ ಹಾಗೆ, ಮೇಲೆ ಬಂತು. ಎಲ್ಲಾದರೂ ಗಾಳಿ ಸೋರುತ್ತಿದ್ದರೆ ಪಟ್ಟನೆ ಬರುತ್ತಿತ್ತಂತೆ. ಸತ್ತವನ ಕೈಕೆಲಸ ಗಟ್ಟಿಯಿತ್ತು.

ಕಾರನ್ನು ಶೆಡ್ಡಿಗೆ ಒಯ್ದರು. ಕೋಳ ಹಾಕಿದ ಗುಡುಗನನ್ನೂ ಕರೆದುಕೊಂಡು ಹೋದರು. ಇನ್ಸ್‌ಪೆಕ್ಟರ್ ಟೈಲರಕ್ಕನ ಮನೆಯಲ್ಲಿ ನಿಂತ. ಶೆಲ್ಫಿನ ಮೇಲೆ ಉಳಿದಿದ್ದ ಒಂಟಿ ಲೋಟ ಇಡಿಸಿದ. ಗೋಡೆಯಾಚೆ ಹೆಡ್ ಕಾನ್‌ಸ್ಟೇಬಲ್ ಹಾಡು ಹಚ್ಚಿ ದನಿಯನ್ನು ಕೊನೆಯವರೆಗೂ ತಿರುಗಿಸಿದಳು.

ಧಪ್, ಧಪ್, ಧಪ್. ಗೋಡೆ ಅದಿರಿತು. ಲೋಟ ಇದ್ದಲ್ಲೇ ಇತ್ತು.

"ಇದಲ್ಲ ಸಾಹೇಬ್ರೇ," ಎಂದಳು ಟೈಲರಕ್ಕ. ಗುಂಡುಪಿನ್ನನ್ನು ಬಾಯಿಂದ ತೆಗೆದಿದ್ದಳು. "ಇದು ಕುಟ್ಟಿದ ಹಾಗಿದೆ. ಅವತ್ತಿನದು ಎಮ್ಮೆ ಕೂಗಿದ ಹಾಗಿತ್ತು. ಹಾಡು ಬದಲಾಯಿಸಿದ್ರೂ ಕೂಗು ಮಾತ್ರ ಅದೇ."

"ಮತ್ತೆ ಗುಡುಗ ಅಂದ್ಯಲ್ಲ?"

"ಗುಡುಗ ಅಂದ್ಕೊಂಡೆ."

"ಕಾರು ನೋಡಿದ್ಯಾ?"

"ಹೊಲೀತಾ ಕೂತೋಳು ಹೆಂಗೆ ನೋಡ್ಲಿ? ನೀವೂ ಕೇಳ್ಲಿಲ್ಲ."

"ಅವನ ಹಳೇ ಬಾಕ್ಸ್ ಇದ್ದಾಗ ಲೋಟ ಬಿದ್ದಿತ್ತಾ?"

ಅವಳು ಯೋಚಿಸಿದಳು. ಕೈ ಕೆನ್ನೆಗೆ ಹೋಯಿತು. "ಇಲ್ಲ ಸಾಹೇಬ್ರೇ. ಯಾವತ್ತೂ ಬಿದ್ದಿಲ್ಲ."

ಇನ್ಸ್‌ಪೆಕ್ಟರ್ ಶೆಡ್ಡಿಗೆ ಬಂದ. ಮಂಡಿಯೂರಿ ಮೇಜಿನಡಿ ಕೈ ಹಾಕಿದ. ತಾನೇ ಒದ್ದ ಪೈಪಿನ ತುಂಡು ಸಿಕ್ಕಿತು. ಗುಡುಗನ ಮುಂದೆ ಹಿಡಿದ.

"ಏನಿದು?"

ಗುಡುಗ ಕೋಳದ ಕೈಗಳಲ್ಲೇ ಅದನ್ನು ತಿರುಗಿಸಿ ನೋಡಿದ. "ಪೋರ್ಟಿಗೆ ಹಾಕೋ ಪೈಪು, ಅಂಗಡೀಲಿ ಒಂದು ಮೊಳದ್ದು ಸಿಗುತ್ತೆ. ಆದ್ರೆ ಮೇಸ್ತ್ರಿ ಪೈಪ್ ಹಾಕ್ತಿರಲಿಲ್ಲ ಸರ್, ಹಲಗೆಯಲ್ಲೇ ಗಾಳಿಗೆ ದಾರಿ ಮಾಡ್ತಿದ್ರು. ಇಷ್ಟು ಸೊಟ್ಟಗೆ ಅವರು ಏನನ್ನೂ ಕುಯ್ದವರಲ್ಲ. ಬಿಸಾಡಿರೋ ತುಂಡೇ ಇಷ್ಟು ಉದ್ದ ಅಂದ್ರೆ, ಬಾಕ್ಸಲ್ಲಿ ಉಳಿದಿರೋದು ತೀರಾ ಗಿಡ್ಡ. ಪೈಪು ಗಿಡ್ಡ ಆದಷ್ಟೂ ಸ್ವರ ಮೇಲಕ್ಕೆ ಹೋಗುತ್ತೆ. ಆಮೇಲೆ ಅದು ಹಾಡು ಹೇಳಲ್ಲ. ಒಂದೇ ಸ್ವರದಲ್ಲಿ ಅರಚುತ್ತೆ."

"ಎಮ್ಮೆ ಕೂಗಿದ ಹಾಗೆ?"

"ಎಮ್ಮೆಯೇ ವಾಸಿ ಸರ್."

ಆ ಶೆಡ್ಡಿನ ಗರಗಸ ಕೈಗೆ ಸಿಗುತ್ತಿದ್ದದ್ದು ಇಬ್ಬರಿಗೇ. ಒಬ್ಬ ಮಣ್ಣಾಗಿದ್ದ.

ಇನ್ಸ್‌ಪೆಕ್ಟರ್ ತಲೆಯೆತ್ತದೆ ಹೇಳಿದ, "ಆ ಗಿರಾಕಿ ಮನೆ ವಿಚಾರಿಸಿಕೊಂಡು ಬನ್ನಿ."

"ವಿಚಾರಿಸಿ ಆಯ್ತು ಸರ್," ಎಂದಳು ಹೆಡ್ ಕಾನ್‌ಸ್ಟೇಬಲ್. "ನಿನ್ನೆ ಮನೆಗೆ ಹೋಗೋ ದಾರೀಲಿ ಹೋಗಿದ್ದೆ. ವಾರದಿಂದ ಬೀಗ ಹಾಕಿದೆಯಂತೆ. ಊರಲ್ಲೇ ಇಲ್ಲ ಅವರು."

"ನನಗ್ಯಾಕೆ ಹೇಳ್ಲಿಲ್ಲ?"

"ಸುಮ್ನೆ ಕೂತ್ಕೋ ಅಂದಿದ್ರಲ್ಲ."

* * *

ತಮ್ಮನನ್ನು ಅವನ ಕಾರಿನ ಸಮೇತ ಕರೆಸಿದರು. ಡಿಕ್ಕಿ ತೆಗೆಯಲು ಅವನೇ ಕೀಲಿ ಕೊಟ್ಟ. ಒಳಗೆ ಕಪ್ಪು ಬಟ್ಟೆ ಹೊದ್ದಿಸಿದ ದೊಡ್ಡ ಪೆಟ್ಟಿಗೆ. ಮೂಲೆಗಳಿಗೆ ಹೊಳೆಯುವ ತಗಡು. ಮುಂದೆ ಒಂದು ದುಂಡು ತೂತು. ಹೆಡ್ ಕಾನ್‌ಸ್ಟೇಬಲ್ ಸೊಟ್ಟ ತುಂಡನ್ನು ಅದರೊಳಗಿನ ಗಿಡ್ಡ ಪೈಪಿಗೆ ಕೂರಿಸಿ ನೋಡಿ, ಸಾಹೇಬನಿಗೆ ತಲೆಯಾಡಿಸಿದಳು.

"ನೀನು ನನ್ನ ಜೊತೆ ಬಾ," ಎಂದು ಇನ್ಸ್‌ಪೆಕ್ಟರ್ ಅವನನ್ನು ಟೈಲರಕ್ಕನ ಕೋಣೆಗೆ ಕರೆದೊಯ್ದ. ಶೆಲ್ಫಿನ ಎದುರು ನಿಲ್ಲಿಸಿದ. "ಆ ಲೋಟ ನೋಡ್ತಾ ಇರು. ಬೇರೆ ಏನೂ ಮಾಡ್ಬೇಡ."

ಗೋಡೆಯಾಚೆ ಅದೇ ಹಾಡು ಶುರುವಾಯಿತು. ಹಾಡು ಎಂದು ಹೇಳುವಂತಿರಲಿಲ್ಲ. ಒಂದೇ ಹೂಂಕಾರ. ಹೊಲಿಗೆ ಯಂತ್ರದ ಮೇಲಿನ ಕತ್ತರಿ ಗಿರಗಿರ ಅಂದಿತು. ಶೆಲ್ಫಿನ ಹಲಗೆ ಜುಮ್ಮೆಂದಿತು. ಲೋಟ ಮೊದಲು ನಡುಗಿತು. ಆಮೇಲೆ ಇರುವೆಯ ಹಾಗೆ ಅಂಚಿನ ಕಡೆ ಹೊರಟಿತು.

"ಇದೇ," ಎಂದಳು ಟೈಲರಕ್ಕ.

ಲೋಟ ಅಂಚು ದಾಟಿತು. ಇನ್ಸ್‌ಪೆಕ್ಟರ್ ಅಂಗೈ ಒಡ್ಡಿದ. ಅದು ಅದರೊಳಗೆ ಬಿತ್ತು.

"ನಿಲ್ಸಿ!" ಎಂದು ಕೂಗಿದ.

"ಈಗ ಕೇಳು," ಎಂದ ತಮ್ಮನಿಗೆ. "ಅವತ್ತು ಈ ಲೋಟದ ಜೋಡಿಯನ್ನ ಬೀಳಿಸಿದ್ದು ಗುಡುಗನ ಬಾಕ್ಸಲ್ಲ. ಅದಕ್ಕೆ ಆಗಲ್ಲ, ಕಣ್ಣಾರೆ ನೋಡಿದೆ. ಬೀಳಿಸಿದ್ದು ಒಂದೇ ಸ್ವರ ಕೂಗೋ ಬಾಕ್ಸು. ಅಂಥದ್ದು ನಿನ್ನ ಡಿಕ್ಕಿಯಲ್ಲಿದೆ. ಅದರ ತೂತಿನೊಳಗಿನ ಪೈಪನ್ನ ಸೊಟ್ಟಗೆ ಕುಯ್ದಿದ್ದೀಯ. ಉಳಿದ ತುಂಡು ಅಣ್ಣ ಸತ್ತ ಶೆಡ್ಡಲ್ಲೇ ಬಿದ್ದಿತ್ತು. ಎರಡನ್ನೂ ಸೇರಿಸಿದ್ರೆ ಮುರಿದ ಬಳೆ ಹಾಗೆ ಕೂರುತ್ತೆ, ಹೆಡ್ ಕಾನ್‌ಸ್ಟೇಬಲ್ ಈಗಷ್ಟೇ ಕೂರಿಸಿ ನೋಡಿದ್ರು. ಗಿರಾಕಿ ಮನೆಗೆ ಬೀಗ. ಮಧ್ಯಾಹ್ನ ನಿನ್ನ ಕಾರು ಈ ಶೆಡ್ಡಲ್ಲಿತ್ತು. ಗುಡುಗನ ಜಗಳ ಊರಿಗೆಲ್ಲ ಗೊತ್ತಿತ್ತು, ಅವನ ಹೆಸರು ನಿನಗೆ ಸಲೀಸಾಗಿ ಸಿಕ್ತು. ಇನ್ನೇನಾದ್ರೂ ಹೇಳೋದಿದ್ಯಾ?"

ತಮ್ಮ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತುಬಿಟ್ಟ.

"ಇಪ್ಪತ್ತು ವರ್ಷ ಸರ್. ಒಂದು ಹಲಗೆ ಕುಯ್ಯೋಕೆ ಬಿಡಲಿಲ್ಲ. ಗಿರಾಕಿಗಳ ಮುಂದೆನೇ ಅನ್ನೋನು, 'ಇವನ ಕೈಗೆ ಗರಗಸ ಕೊಟ್ರೆ ಮರಕ್ಕೇ ನಾಚಿಕೆ.' ಅವನಿಲ್ಲದಾಗ ಕದ್ದು ಕದ್ದು ಮಾಡ್ದೆ. ಅವತ್ತು ಪೈಪ್ ಕೂರಿಸಿ ಮುಗಿಸ್ದೆ. ಕೇಳು ಅಣ್ಣಾ ಅಂತ ಹಚ್ಚಿದೆ. ಒಂದಾದ ಮೇಲೊಂದು ಹಾಡು ಹಾಕ್ದೆ. ಯಾವುದಾದ್ರೂ ಒಂದಕ್ಕೆ ಚೆನ್ನಾಗಿದೆ ಅಂತಾನೇನೋ ಅಂತ."

"ಏನಂದ?"

"ನಕ್ಕ ಸರ್. ಪೈಪ್ ಎಷ್ಟು ಕುಯ್ದೆ ಅಂತ ಕೇಳ್ದ. ತುಂಡು ತೋರಿಸ್ದೆ. ಬಿಸಾಡಿರೋದನ್ನ ಒಳಗಿಟ್ಟು, ಒಳಗಿಟ್ಟಿರೋದನ್ನ ಬಿಸಾಡಬೇಕಿತ್ತು ಕಣೋ ಅಂದ. ಹೊಟ್ಟೆ ಹಿಡ್ಕೊಂಡು ನಕ್ಕ. ಬಗ್ಗಿ ನಗ್ತಾನೇ ಇದ್ದ."

ಟೈಲರಕ್ಕ ಸೆರಗು ಬಾಯಿಗೆ ಹಿಡಿದಿದ್ದಳು.

"ಒಂದೇ ಏಟು ಸರ್. ಸಾಯ್ತಾನೆ ಅಂತ ಗೊತ್ತಿರಲಿಲ್ಲ. ಒಂದೇ ಒಂದು ಏಟು."

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ.

"ಆ ಬಾಕ್ಸನ್ನ ಸುಟ್ಟು ಹಾಕಬಹುದಿತ್ತಲ್ಲ. ಯಾಕೆ ಇಟ್ಕೊಂಡೆ?"

ತಮ್ಮ ತಲೆ ಎತ್ತಿದ. ಇಂಥ ಪ್ರಶ್ನೆಯನ್ನೂ ಕೇಳುತ್ತಾರೆಯೇ ಎಂಬಂತೆ ನೋಡಿದ.

"ನಾನು ಮಾಡಿದ ಮೊದಲನೇ ಬಾಕ್ಸು ಸರ್."

* * *

ಗುಡುಗನನ್ನು ಬಿಡುವ ದಿನ ಮೇಲಧಿಕಾರಿ ಫೋನ್ ಮಾಡಿ ಭೇಷ್ ಅಂದರು. ಲೋಟದ ವಿಚಾರ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೂ ಮೊದಲು ಡಾಕ್ಟರ್ ಗುಡುಗನ ಕಿವಿ ನೋಡಿ, ಇನ್ಸ್‌ಪೆಕ್ಟರನನ್ನು ಬದಿಗೆ ಕರೆದು ಹೇಳಿದ್ದರು, "ಪರದೆ ಹರಿದಿದೆ, ಅದು ಕೂಡಿಕೊಂಡರೂ ಕೂಡಿಕೊಳ್ಳಬಹುದು. ಒಳಗೆ ಕೀವಾಗಿ ನರ ಹೋಗಿದೆ. ಆ ಕಡೆ ಇನ್ನು ಕೇಳಲ್ಲ. ಪೆಟ್ಟು ಬಿದ್ದ ದಿನವೇ ಕರ್ಕೊಂಡು ಬಂದಿದ್ರೆ ನೋಡಬಹುದಿತ್ತು." ಯಾರ ಪೆಟ್ಟು ಎಂದು ಅವರು ಕೇಳಲಿಲ್ಲ. ಇನ್ಸ್‌ಪೆಕ್ಟರ್ ಹೇಳಲಿಲ್ಲ.

ಠಾಣೆಯ ಹಿಂದೆ ಗುಡುಗ ಕಾರಿನ ಗಾಜು ಒರೆಸಿದ. ಹೆಂಡತಿ ಮಗುವನ್ನು ಎತ್ತಿಕೊಂಡು ಹಿಂದೆ ಕೂತಳು. ಅವನು ಕೀಲಿ ತಿರುಗಿಸಿ ಹಾಡು ಹಚ್ಚಿದ. ಸಣ್ಣ ದನಿ. ಮೇಸ್ತ್ರಿಯ ಕೊನೆಯ ಪೆಟ್ಟಿಗೆ ಮೆತ್ತಗೆ, ಚೊಕ್ಕವಾಗಿ ತಾಳ ಹಾಕಿತು.

ಇನ್ಸ್‌ಪೆಕ್ಟರ್ ಹತ್ತಿರ ಹೋದ. ಗುಡುಗ ಏನೋ ಗುಂಡಿ ಅತ್ತಿತ್ತ ತಿರುಗಿಸುತ್ತಿದ್ದ. ಮುಖ ಗಂಟಾಗಿತ್ತು.

"ಏನಾಯ್ತು?"

ಅವನು ಪೂರ್ತಿ ತಿರುಗಿ, ಬಲಗಿವಿ ಕೊಟ್ಟು, ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡ.

"ಇಷ್ಟು ದಿನ ನಿಂತಿದ್ದಕ್ಕೋ ಏನೋ ಸರ್, ಎಡಗಡೆ ಸ್ಪೀಕರ್ ಬರ್ತಾ ಇಲ್ಲ. ವೈರ್ ಕಿತ್ತು ಹೋಗಿರಬೇಕು. ಸ್ವಲ್ಪ ಕಿವಿ ಇಟ್ಟು ನೋಡ್ತೀರಾ?"

ಹಿಂದಿನ ಸೀಟಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಗುವಿಗೆ ಆಗಲೇ ಜೊಂಪು ಹತ್ತಿತ್ತು.

ಇನ್ಸ್‌ಪೆಕ್ಟರ್ ಟೊಪ್ಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಮಂಡಿಯೂರಿ ಎಡಗಡೆಯ ಬಾಗಿಲಿನ ಜಾಲರಿಗೆ ಕಿವಿ ಕೊಟ್ಟ. ಹಾಡು ತುಂಬು ದನಿಯಲ್ಲಿ, ಒಂದು ಅಕ್ಷರವೂ ತಪ್ಪದೆ, ಕೇಳಿಸುತ್ತಿತ್ತು.

"ಬರ್ತಿದ್ಯಾ ಸರ್?"

ಅವನು ಬೇಗ ಏಳಲಿಲ್ಲ.

"ಬರ್ತಿದೆ ಕಣಪ್ಪ," ಎಂದ. ಗುಡುಗನಿಗೆ ಕೇಳಿಸಲಿಲ್ಲ. ಎದ್ದು, ಕಾರನ್ನು ಸುತ್ತಿಕೊಂಡು ಅವನ ಬಲಗಡೆಗೆ ಹೋಗಿ, ಇನ್ನೊಮ್ಮೆ ಹೇಳಬೇಕಾಯಿತು.